ದನ ತುಳಿದ ಹಳ್ಳ: ಮೊದಲು ತೊಟ್ಟಿ, ಆಮೇಲೆ ಕಲ್ಲು

ಕಲಬುರಗಿ ಜಿಲ್ಲೆಯ ಚಿತ್ತಾಪುರ, ಸೇಡಂ ಕಡೆ ಎರೆ (ಕಪ್ಪು ಮಣ್ಣಿನ) ಭೂಮಿಯ ಹಳ್ಳಗಳು ಹಾಳಾಗುವ ಬಗೆ ಹೆಚ್ಚುಕಡಿಮೆ ಒಂದೇ. ದನ ನೀರಿಗಿಳಿಯುವ ಜಾಗದಲ್ಲಿ ಹುಲ್ಲು ಹೋಗಿ ದಂಡೆ ಕುಸಿಯುತ್ತದೆ. ಮಳೆಗಾಲದ ಸೆಳವು ಅಲ್ಲಿಂದಲೇ ಹೊಲ ಕೊರೆಯಲು ಶುರುಮಾಡುತ್ತದೆ. ಇದನ್ನು ಕಂಡು ಜೆಸಿಬಿ ತರಿಸಿ ಹೂಳೆತ್ತುವವರೇ ಹೆಚ್ಚು. ಆದರೆ ತಳ ಆಳವಾದಷ್ಟೂ ದಂಡೆ ಕಡಿದಾಗಿ ಮತ್ತೆ ಬೀಳುತ್ತದೆ. ಆ ಬಾಡಿಗೆ ದುಡ್ಡನ್ನು ಮೊದಲು, ದನ ಹಳ್ಳಕ್ಕೆ ಇಳಿಯದೆ ನೀರು ಕುಡಿಯುವಂಥ ತೊಟ್ಟಿಗೆ ಹಾಕಿ.

ಬೇಸಿಗೆಯಲ್ಲಿ ಹಳ್ಳ ಒಣಗಿದಾಗ ದಂಡೆಗುಂಟ ನಡೆದು ದನ ಇಳಿಯುವ ದಾರಿ, ಹೊಲದ ನೀರು ಬಂದು ಬೀಳುವ ಕೊರಕಲು, ಕುಸಿದ ತಿರುವುಗಳನ್ನು ಗುರುತು ಮಾಡಿಕೊಳ್ಳಿ.

ಈಗ ತೊಟ್ಟಿ. ಕಲಬುರಗಿಯ ಬಿಸಿಲಲ್ಲಿ ಹಾಲು ಕೊಡುವ ಎಮ್ಮೆ ದಿನಕ್ಕೆ 60 ಲೀಟರ್‌ಗೂ ಹೆಚ್ಚು ಕುಡಿಯಬಲ್ಲದು. ಹತ್ತು ಎಮ್ಮೆಗೆ 1,000 ಲೀಟರಿನ ತೊಟ್ಟಿ ಹಿಡಿಯಿರಿ. ಹಳ್ಳದಿಂದ ದೂರ, ಬೇವಿನ ನೆರಳಿಗೆ ಕಟ್ಟಿಸಿ ಸುತ್ತ ಕಲ್ಲು ಹಾಸಿ. ಇಲ್ಲದಿದ್ದರೆ ಹಳ್ಳದ ಕೆಸರು ಇಲ್ಲಿಗೆ ವರ್ಗವಾಗುತ್ತದೆ. ಹತ್ತಿರದಲ್ಲೇ ಸಿಗುತ್ತದೆಂದು ನುಣುಪಾದ ಶಹಾಬಾದ್ ಫರಸಿ (ಚಪ್ಪಡಿ ಕಲ್ಲು) ಹಾಸಬೇಡಿ, ಒದ್ದೆಯಾದರೆ ಗೊರಸು ಜಾರುತ್ತದೆ. ಎಮ್ಮೆಗೆ ಬೆವರುವ ಶಕ್ತಿ ಕಡಿಮೆ, ಮೈ ತಣಿಸಲು ನೀರು ಬೇಕೇ ಬೇಕು. ದಿನಕ್ಕೆರಡು ಸಲ ಪೈಪ್ ಹಿಡಿದು ತೋಯಿಸಿ, ಇಲ್ಲವೇ ಬೇರೆ ಹೊಂಡ ಮಾಡಿಕೊಡಿ. ಅದಿಲ್ಲದೆ ಬೇಲಿ ಹಾಕಿದರೆ ಎಮ್ಮೆ ಅದನ್ನು ಲೆಕ್ಕಕ್ಕಿಡುವುದಿಲ್ಲ. ದನ ಹಳ್ಳದಿಂದ ದೂರವಿದ್ದರೆ ಅವುಗಳ ಆರೋಗ್ಯಕ್ಕೂ ಒಳ್ಳೆಯದು: ಯಕೃತ್ತಿಗೆ ತಗಲುವ ಚಪ್ಪಟೆ ಹುಳು ಹರಡುವುದು ನೀರಂಚಿನ ಬಸವನಹುಳುಗಳ ಮೂಲಕವೇ.

ತೊಟ್ಟಿಗೆ ದನ ರೂಢಿಯಾದ ಮೇಲೆ, ದಂಡೆಯಂಚಿನಿಂದ ಕನಿಷ್ಠ 5 ಮೀಟರ್ ಬಿಟ್ಟು ಬೇಲಿ ಹಾಕಿ. ಬಳ್ಳಾರಿ ಜಾಲಿಯ ಮುಳ್ಳು ನಡೆಯುತ್ತದೆ, ಕಾಯಿ ಇರುವ ಕೊಂಬೆ ಮಾತ್ರ ಬೇಡ. ಕಾಯಿ ತಿಂದ ದನದ ಸಗಣಿಯಲ್ಲಿ ಬೀಜ ಮೊಳೆತು ಹಳ್ಳವೆಲ್ಲ ಜಾಲಿಯಾಗುತ್ತದೆ. ದಾಟಲು ಒಂದೇ ಜಾಗ ಬಿಟ್ಟು, ಇಳಿಜಾರು ತಗ್ಗಿಸಿ, ಒರಟು ಕಲ್ಲು ಗರಸು ಹಾಕಿ ಬಡಿಯಿರಿ.

ಕೊರಕಲುಗಳಿಗೆ ಕಲ್ಲಿನ ತಡೆ ಸಾಕು. ನಡು ತಗ್ಗಿರಲಿ, ಎರಡೂ ತುದಿ ದಂಡೆಯೊಳಗೆ ಹುದುಗಿರಲಿ. ಇಲ್ಲವಾದರೆ ನೀರು ಪಕ್ಕದಿಂದ ಕೊರೆದುಕೊಂಡು ಹೋಗುತ್ತದೆ. ಕೆಳಗಿನ ತಡೆಯ ತಲೆ, ಮೇಲಿನದರ ಬುಡದ ಮಟ್ಟಕ್ಕೆ ಬರುವಂತೆ ಅಂತರ ಕೊಡಿ. ಎರೆ ಮಣ್ಣಿನ ಒಡ್ಡು ನನಗೆ ಒಪ್ಪಿಗೆಯಿಲ್ಲ. ಬೇಸಿಗೆಗೆ ಬಿರಿದು, ಮಳೆ ಬಂದಾಗ ಆ ಬಿರುಕಿನೊಳಗಿಂದಲೇ ಒಡೆಯುತ್ತದೆ. ನಕ್ಷೆಯಲ್ಲಿರುವ ದೊಡ್ಡ ಹಳ್ಳದೊಳಗೆ ಏನು ಕಟ್ಟುವುದಿದ್ದರೂ ಮೊದಲು ಪಂಚಾಯ್ತಿ, ಕಂದಾಯ ಇಲಾಖೆಯಲ್ಲಿ ಕೇಳಿ. ಕೆಳಗಿನ ಹೊಲದವರಿಗೂ ತಿಳಿಸಿ.

ಮಿರಗದ (ಮೃಗಶಿರ) ಮಳೆ ಬಿದ್ದ ಕೂಡಲೇ ದಂಡೆಗೆ ಲಾವಂಚ, ಲಕ್ಕಿ, ಮೇಲೆ ಹೊಂಗೆ ನೆಡಿ. ಬೇಲಿಯೊಳಗಿನ ಹುಲ್ಲನ್ನು ಕೊಯ್ದು ತಂದು ಹಾಕಿದರೆ ಬಿಟ್ಟ ನೆಲ ಹಾಳಾಯಿತೆನ್ನುವ ಚಿಂತೆಯಿಲ್ಲ. ಪ್ರತಿ ದೊಡ್ಡ ಮಳೆಯ ನಂತರ ಉರುಳಿದ ಕಲ್ಲು ಮತ್ತೆ ಜೋಡಿಸಿ. ಎರಡು ಮಳೆಗಾಲ ಕಳೆದು ಬೇರು ಗಟ್ಟಿಯಾದ ಮೇಲೆ, ಚಳಿಗಾಲದಲ್ಲಿ ನೆಲ ಒಣಗಿದ್ದಾಗ ತಾಸೆರಡು ತಾಸು ದನ ಬಿಡಬಹುದು. ಹಸಿ ನೆಲಕ್ಕೆ ಮಾತ್ರ ಬಿಡಬೇಡಿ.