ಕಲ್ಲಿನ ತುಟಿ

ಆದಿಮಾನವನ ಪಾಠವನ್ನು ಹತ್ತು ವರ್ಷ ಒಂದೇ ತರಹ ಮಾಡಿದವನು ನಾನು. ಬೋರ್ಡಿನ ಮೇಲೆ ಹಳೆ ಶಿಲಾಯುಗ, ಹೊಸ ಶಿಲಾಯುಗ ಅಂತ ಎರಡು ಕಾಲಂ ಎಳೆಯುವುದು, ನೋಟ್ಸ್ ಬರೆಸುವುದು, ಮುಗಿಯಿತು. ನಮ್ಮ ಶಾಲೆ ಇರುವುದು ಹುಣಸಗಿ ಸೀಮೆಯಲ್ಲಿ! ಇಲ್ಲಿನ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಅಗೆದಾಗ ಸುಮಾರು 12 ಲಕ್ಷ ವರ್ಷ ಹಿಂದಿನ ಕಲ್ಲಿನ ಕಾರ್ಖಾನೆಯೇ ಸಿಕ್ಕಿತು. ಸುಣ್ಣಕಲ್ಲಿನ ಹಾಸುಗಳನ್ನು ಒಡೆದು ಕೈಗೊಡಲಿ ಮಾಡಿದ ಜಾಗ, ಸುತ್ತ ಚೆಕ್ಕೆಗಳ ರಾಶಿ. ನಾನು ಮಾತ್ರ ಪುಸ್ತಕದ ಚಿತ್ರಕ್ಕೆ ಬೆರಳಿಟ್ಟು "ಇದು ಕೈಗೊಡಲಿ" ಅನ್ನುತ್ತಿದ್ದೆ.

ಒಂದು ತರಬೇತಿಯಲ್ಲಿ ಕೇಳಿ ಬಂದ ಮಾತು ತಲೆಯಲ್ಲಿತ್ತು: ಮಕ್ಕಳೇ ಕಂಡುಕೊಳ್ಳಲಿ, ಮೇಷ್ಟ್ರು ಸುಮ್ಮನಿರಲಿ. ಸರಿ, ಹಳ್ಳದಿಂದ ಚಕಮಕಿ ಕಲ್ಲು ತರಿಸಿದೆ. ಇಸಾಂಪುರದ ಕಡೆಯಿಂದ ಒಂದು ಚೂರನ್ನೂ ಮುಟ್ಟಲಿಲ್ಲ, ಅದು ಮಕ್ಕಳಿಗೆ ಹೇಳಿದ ಮೊದಲ ನಿಯಮ. ಬೇವಿನ ಮರದ ಕೆಳಗೆ ಕೂರಿಸಿ, "ಇದರಿಂದ ಸೌತೆಕಾಯಿ ಹೆಚ್ಚೋ ಚೂರು ಮಾಡ್ರಿ" ಅಂದು ಕೈ ಕಟ್ಟಿ ನಿಂತೆ.

ಎರಡು ಪೀರಿಯಡ್ ಬರೀ ಟಕಟಕ. ಎಲ್ಲರೂ ಕಲ್ಲಿನ ನಡುಮಧ್ಯಕ್ಕೆ ಗುದ್ದುತ್ತಿದ್ದರು. ಕಲ್ಲು ಒಂದೋ ಪುಡಿಯಾಗುತ್ತಿತ್ತು, ಇಲ್ಲವೇ ಕೈ ಜುಮ್ಮೆನ್ನಿಸಿ ಹಾಗೇ ಇರುತ್ತಿತ್ತು. ಒಬ್ಬಳ ಬೆರಳು ಕುಯ್ದು ರಕ್ತ ಬಂತು, ಅವತ್ತು ನಾನು ಬೈಸಿಕೊಂಡೆ. ತಪ್ಪು ನನ್ನದೇ. ಕನ್ನಡಕ ಇಲ್ಲ, ತೊಡೆ ಮೇಲೆ ಗೋಣಿಚೀಲ ಇಲ್ಲ, ಏನೂ ಇಲ್ಲದೆ ಕೂರಿಸಿದ್ದೆ.

ಮರುವಾರ ಕನ್ನಡಕ ತಂದು ಮತ್ತೆ ಕೂತೆವು. ಹಿಂದಿನ ಬೆಂಚಿನ ಒಬ್ಬ ಹುಡುಗ, ತರಗತಿಯಲ್ಲಿ ಬಾಯಿಯೇ ಬಿಡದವನು, ಪಕ್ಕದವನ ಕೈಯಿಂದ ಕಲ್ಲು ಕಿತ್ತುಕೊಂಡ. "ನಡು ಹೊಡೀಬ್ಯಾಡಲೇ. ತುಟಿ ಹುಡುಕು, ತುಟಿ." ತುಟಿ ಅಂದರೆ ಕಲ್ಲಿನ ಅಂಚು. ಕಲ್ಲನ್ನು ತುಸು ವಾಲಿಸಿ ಹಿಡಿದ. ಅಂಚಿನಿಂದ ಒಂದು ಕಾಳಿನಷ್ಟು ಒಳಗೆ, ಕೆಳಮುಖವಾಗಿ ಗುಂಡುಗಲ್ಲಿನಿಂದ ಜಾರಿಸಿ ಹೊಡೆದ. ಗಾಜು ಸೀಳಿದ ಹಾಗೆ ಸಣ್ಣ ಸದ್ದು, ಗೋಣಿಯ ಮೇಲೆ ತೆಳ್ಳನೆ ಚೆಕ್ಕೆ. ಅವನ ಅಜ್ಜ ಹಾಸುಗಲ್ಲಿನ ಕ್ವಾರಿಯಲ್ಲಿ ಕೆಲಸ ಮಾಡಿದವನಂತೆ. ಆ ಚೆಕ್ಕೆಯ ಒಳಮೈಯಲ್ಲಿ ಏಟು ಬಿದ್ದ ಕಡೆ ಕಡಲೆಯಷ್ಟು ಉಬ್ಬು. ಮನುಷ್ಯ ಹೊಡೆದು ತೆಗೆದ ಚೆಕ್ಕೆಯನ್ನು ಗುರುತು ಹಿಡಿಯುವಾಗ ಪುರಾತತ್ವದವರು ನೋಡುವ ಗುರುತುಗಳಲ್ಲಿ ಅದೂ ಒಂದು. ಹತ್ತು ವರ್ಷ ಪಾಠ ಮಾಡಿದ ನಾನು ಅದನ್ನು ಬೆರಳಿಂದ ಮುಟ್ಟಿದ್ದು ಅವತ್ತೇ ಮೊದಲು.

"ತುಟಿ" ಅನ್ನುವ ಪದ ಸಿಕ್ಕಿದ್ದೇ ತಡ, ಗುಂಪಿನಿಂದ ಗುಂಪಿಗೆ ಹಬ್ಬಿತು. "ನಿಂದು ತುಟಿ ದಪ್ಪ ಆತು", "ಇದಕ್ಕ ತುಟಿನೇ ಇಲ್ಲ, ಒಗಿ." ಗಂಟೆ ಹೊಡೆಯುವಷ್ಟರಲ್ಲಿ ಸೌತೆಕಾಯಿ ಹೆಚ್ಚಿ, ಬಿಸಿಯೂಟದ ಅಕ್ಕನ ಹತ್ತಿರ ಉಪ್ಪು ಖಾರ ಇಸಕೊಂಡು ಬಂದಿದ್ದರು.

2015ರಲ್ಲಿ ಪ್ರಕಟವಾದ ಒಂದು ಪ್ರಯೋಗದ ಬಗ್ಗೆ ಆಮೇಲೆ ಓದಿದೆ. 184 ಜನರಿಗೆ ಹೀಗೇ ಚೆಕ್ಕೆ ಎಬ್ಬಿಸುವುದನ್ನು ಬೇರೆಬೇರೆ ರೀತಿಯಲ್ಲಿ ಕಲಿಸಿ ನೋಡಿದ್ದರು. ಮಾಡುವವರನ್ನು ಬರೀ ನೋಡಿ ಕಲಿತವರು, ಚೆಕ್ಕೆಗಳನ್ನಷ್ಟೇ ನೋಡಿ ತಾವೇ ಊಹಿಸಿದವರಿಗಿಂತ ಅಷ್ಟೇನೂ ಮುಂದೆ ಹೋಗಲಿಲ್ಲ. ಸನ್ನೆಯಿಂದ, ಅದಕ್ಕಿಂತ ಮಾತಿನಿಂದ ಹೇಳಿಸಿಕೊಂಡವರ ಕೆಲಸ ಸುಧಾರಿಸಿತ್ತು. ಕೈ ಕಟ್ಟಿ ನಿಂತ ನನ್ನ ಎರಡು ಪೀರಿಯಡ್ ನೆನಪಾಗಿ ನಗು ಬಂತು. ಕಂಡುಹಿಡಿಯಲು ನಮ್ಮ ಪೂರ್ವಜರಿಗೆ ಲಕ್ಷಗಟ್ಟಲೆ ವರ್ಷ ಇತ್ತು, ಈ ಮಕ್ಕಳಿಗೆ ನಾನು ಕೊಟ್ಟದ್ದು 80 ನಿಮಿಷ.

ಈಗ ಕ್ರಮ ಬದಲಾಗಿದೆ. ಮೊದಲ ಹತ್ತು ನಿಮಿಷ ಅವರಷ್ಟಕ್ಕೆ ಬಿಡುತ್ತೇನೆ, ಕಷ್ಟ ಎಲ್ಲಿದೆ ಅಂತ ಕೈಗೆ ಗೊತ್ತಾಗಬೇಕಲ್ಲ. ಆಮೇಲೆ ನಿಧಾನಕ್ಕೆ ಮಾಡಿ ತೋರಿಸುತ್ತೇನೆ, ಅವರ ಕೈ ಹಿಡಿದು ವಾಲಿಸುತ್ತೇನೆ. ಪದ ಕೊನೆಗೆ. ಗಣಿತದಲ್ಲಿ ಲಘುಕೋನ ಬಂದಾಗ ಅದೇ ಕಲ್ಲು ಹೊರಗೆ ಬರುತ್ತದೆ: ತುಟಿಯ ಕೋನ 90 ಡಿಗ್ರಿಗಿಂತ ಕಡಿಮೆ ಇದ್ದರೆ ಚೆಕ್ಕೆ ಏಳುತ್ತದೆ, ಜಾಸ್ತಿಯಾದರೆ ಏಳುವುದಿಲ್ಲ. ಕೋನಮಾಪಕ ಇಟ್ಟು ಅಳೆಯಿರಿ ಅಂತ ಹೇಳಬೇಕಾಗಿಯೇ ಬರಲಿಲ್ಲ, ಜಗಳ ಬಿಡಿಸಲು ಅವರೇ ಇಟ್ಟರು. ಇದನ್ನೆಲ್ಲ ಬಯಲಲ್ಲೇ ಮಾಡಿ, ಕಲ್ಲಿನ ದೂಳು ಒಳ್ಳೆಯದಲ್ಲ. ನಮ್ಮಲ್ಲಿ ಕನ್ನಡಕ ಇರುವುದು ಹನ್ನೆರಡು, ಹಾಗಾಗಿ ಒಮ್ಮೆಗೆ ಹನ್ನೆರಡೇ ಮಂದಿ, ಉಳಿದವರು ಹಗ್ಗದ ಆಚೆ.

ಆ ಹುಡುಗ ಈಗ ಏಳನೇ ತರಗತಿ. ಆರನೆಯವರು ಬೇವಿನ ಮರದ ಕೆಳಗೆ ಕೂತರೆ ಕಿಟಕಿಯಿಂದಲೇ ಕೂಗುತ್ತಾನೆ, "ಸರ್, ಆ ಹುಡುಗಿ ನಡು ಹೊಡ್ಯಾಕತ್ತಾಳ್ರೀ!"