ಸುಗ್ಗಿ ದರದಲ್ಲಿ ವರ್ಷಪೂರ್ತಿ ಜೋಳ: ಹಳೇ ಹುಬ್ಬಳ್ಳಿಯ ನಮ್ಮ ಓಣಿಯ ಅನುಭವ

ನಾನು ಹಳೇ ಹುಬ್ಬಳ್ಳಿಯಲ್ಲಿ ರೊಟ್ಟಿ ಬಡಿದು ಜೀವನ ಮಾಡುವವಳು. ಎರಡು ಖಾನಾವಳಿಗೆ ಸೇರಿ ದಿನಕ್ಕೆ 200 ರೊಟ್ಟಿ ಕೊಡುತ್ತೇನೆ. ಹಾಗಾಗಿ ಜೋಳವನ್ನು ಯಾವಾಗಲೂ ಚೀಲದ ಲೆಕ್ಕದಲ್ಲೇ ತರುತ್ತಿದ್ದೆ. 2021ರ ಶ್ರಾವಣದಲ್ಲಿ ಒಂದು ದಿನ ಅಂಗಡಿಯಲ್ಲಿ ಚೀಲ ಕಟ್ಟಿಸುತ್ತಾ ನಿಂತಿದ್ದೆ. ಎದುರು ಮನೆಯ ಅಕ್ಕ ಬಂದು ಎರಡು ಕಿಲೋ ಜೋಳ ಕೇಳಿದರು. ಅದೇ ಜೋಳ, ಅದೇ ರಾಶಿಯದು. ನನಗೆ ಕಿಲೋಗೆ 36 ರೂಪಾಯಿ ಬಿತ್ತು, ಅವರಿಗೆ 42.

ಆ ಅಕ್ಕ ನಾಲ್ಕು ಮನೆಯಲ್ಲಿ ಪಾತ್ರೆ ತೊಳೆಯುತ್ತಾರೆ. ಮೂರು ಮಕ್ಕಳು. ಕೈಯಲ್ಲಿ ಒಮ್ಮೆಗೆ ನೂರು ರೂಪಾಯಿಗಿಂತ ಜಾಸ್ತಿ ಇರುವುದಿಲ್ಲ. ಅದಕ್ಕೇ ಎರಡೆರಡು ಕಿಲೋ ತರುತ್ತಾರೆ, ಅದಕ್ಕೇ ತುಟ್ಟಿ ಬೀಳುತ್ತದೆ. ಅಂಗಡಿಯವರದು ತಪ್ಪು ಅಂತ ನಾನು ಹೇಳುವುದಿಲ್ಲ. ಅವರು ಉದ್ರಿ ಕೊಡುತ್ತಾರೆ, ಬಿಡಿ ತೂಗಿ ಕೊಡುತ್ತಾರೆ. ಆದರೆ ಆ ಆರು ರೂಪಾಯಿ ನನ್ನ ಮನಸ್ಸಿನಿಂದ ಹೋಗಲೇ ಇಲ್ಲ.

ನಮ್ಮ ಕಡೆ ಅನುಕೂಲ ಇದ್ದವರು ಸುಗ್ಗಿಯಲ್ಲೇ ವರ್ಷದ ಜೋಳ ತುಂಬಿಕೊಳ್ಳುತ್ತಾರೆ. ನನ್ನ ತವರು ಕುಂದಗೋಳ ತಾಲೂಕಿನ ಒಂದು ಹಳ್ಳಿ. ಅಲ್ಲಿ ಹಿಂದೆ ನೆಲದಲ್ಲಿ ಹಗೇವು ತೋಡಿ ಜೋಳ ಇಡುತ್ತಿದ್ದರು. ಸುಗ್ಗಿಯಲ್ಲಿ ದರ ಕಡಿಮೆ, ಆಷಾಢ-ಶ್ರಾವಣದ ಹೊತ್ತಿಗೆ ಜಾಸ್ತಿ. ಇದು ಎಲ್ಲರಿಗೂ ಗೊತ್ತು. ಆದರೆ ಕಡಿಮೆ ದರದಲ್ಲಿ ಮಾರುವವರು ಯಾರು? ಬೀಜ, ಗೊಬ್ಬರ ಉದ್ರಿ ತಂದ ರೈತರು. ರಾಶಿ ಮುಗಿದ ವಾರವೇ ಬಾಕಿ ತೀರಿಸಬೇಕು, ಕಾಯಲು ಆಗುವುದಿಲ್ಲ. ಜಾಸ್ತಿ ದರದಲ್ಲಿ ಕೊಳ್ಳುವವರು ಯಾರು? ಎದುರು ಮನೆಯ ಅಕ್ಕನಂಥವರು. ಎರಡೂ ಕಡೆ ಪೆಟ್ಟು ತಿನ್ನುವವರು ಕಾಯಲಾರದವರೇ.

ರೇಷನ್ ಇದೆಯಲ್ಲ ಅನ್ನಬಹುದು. 2013ರ ಆಹಾರ ಭದ್ರತಾ ಕಾಯ್ದೆಯಿಂದ ತಲೆಗೆ 5 ಕಿಲೋ ಧಾನ್ಯ ಬರುತ್ತದೆ. ಅದೇ ವರ್ಷ ಅನ್ನಭಾಗ್ಯವೂ ಶುರುವಾಯಿತು. ಅದರಿಂದ ಎಷ್ಟೋ ಮನೆ ಉಪವಾಸದಿಂದ ಉಳಿದಿವೆ, ನಮ್ಮ ಮನೆಯೂ ಸೇರಿ. ಆದರೆ ನಮ್ಮ ಓಣಿಗೆ ಬರುವುದು ಹೆಚ್ಚಾಗಿ ಅಕ್ಕಿ. ದುಡಿದು ಬಂದವರಿಗೆ ರಾತ್ರಿ ರೊಟ್ಟಿ ಬೇಕು. ಆ ರೊಟ್ಟಿಯ ಜೋಳವನ್ನು ಅಂಗಡಿಯಿಂದಲೇ ತರಬೇಕು.

ಆ ವರ್ಷ ಅಕ್ಟೋಬರ್‌ನಲ್ಲಿ ಓಣಿಯ 14 ಮನೆಯವರು ಕೂತೆವು. ಮನೆಗೆ ತಿಂಗಳಿಗೆ 300 ರೂಪಾಯಿ ಎತ್ತಿಡುವುದು ಅಂತ ಆಯಿತು. ವಾರಕ್ಕೆ 75 ಕೊಟ್ಟರೂ ಸೈ, ಒಂದು ವಾರ ತಪ್ಪಿದರೂ ಸೈ. ದಂಡ ಇಲ್ಲ. ಸಂಘದ ಸಾಲದ ಕಂತು ತಪ್ಪಿದಾಗ ಬಾಗಿಲಲ್ಲಿ ನಿಂತು ಕೇಳಿಸಿಕೊಂಡವರು ನಾವೆಲ್ಲ. ಜೋಳಕ್ಕೂ ಆ ಗತಿ ಬೇಡ ಅಂತ ಮೊದಲೇ ಗಟ್ಟಿ ಮಾಡಿದೆವು.

ತವರಿನಲ್ಲಿ ನಮ್ಮ ಮನೆಗೆ ಬೇಕಾದ ಕಾಕಾ ಒಬ್ಬರಿದ್ದಾರೆ. ಎರಿ ಹೊಲ, ಅಂದರೆ ಕಪ್ಪು ಮಣ್ಣು, ಹಿಂಗಾರಿಗೆ ಮಾಲದಂಡಿ ಜೋಳ ಹಾಕುತ್ತಾರೆ. ಮುಂಗಾರಿ ಹೈಬ್ರಿಡ್ ಜೋಳ ತೆನೆ ಮೇಲೆ ಮಳೆ ಬಿದ್ದರೆ ಕಪ್ಪಾಗುತ್ತದೆ, ರೊಟ್ಟಿಯೂ ಬಿರುಸು. ಮಾಲದಂಡಿ ಹಿಟ್ಟಿಗೆ ಜಿಗಿ ಇರುತ್ತದೆ, ಬಡಿದರೆ ಅಂಚು ಸೀಳುವುದಿಲ್ಲ. 2022ರ ಸುಗ್ಗಿಯಲ್ಲಿ ಊರಿನ ವ್ಯಾಪಾರಿ ಕ್ವಿಂಟಲ್‌ಗೆ 2,700 ಕೇಳಿದ್ದರಂತೆ. ಸರ್ಕಾರ ಆ ಸಾಲಿಗೆ ಮಾಲದಂಡಿಗೆ ಹೇಳಿದ್ದ ಬೆಂಬಲ ಬೆಲೆ 2,758. ನಾವು 3,100 ಕೊಟ್ಟು 12 ಕ್ವಿಂಟಲ್ ತಂದೆವು. ಕೂಡಿಟ್ಟಿದ್ದು 21,000 ಮಾತ್ರ. ಬಾಕಿಯನ್ನು ಜೂನ್ ಒಳಗೆ ಕೊಡುತ್ತೇವೆ ಅಂದಾಗ ಕಾಕಾ, “ನಿನ್ನ ಮಾತಿನ ಮ್ಯಾಲ ಕೊಡಾಕತ್ತೀನವ್ವಾ, ಬಿತ್ತಾಕ ಮುಂಚೆ ಮುಟ್ಟಿಸು” ಅಂದರು. ಮುಟ್ಟಿಸಿದೆವು.

ಟಂಟಂ ಬಾಡಿಗೆ 900. ಎಲ್ಲ ಸೇರಿ ಕಿಲೋಗೆ 32 ರೂಪಾಯಿ ಹತ್ತಿರ ಬಂತು. ನಾವು ದರ 34 ಇಟ್ಟೆವು, ವರ್ಷಪೂರ್ತಿ ಅದೇ. ಆ ಆಷಾಢದಲ್ಲಿ ಅಂಗಡಿಯ ಬಿಡಿ ದರ 46 ಇತ್ತು.

ಆದರೆ ಆ ಮಳೆಗಾಲದಲ್ಲೇ ದೊಡ್ಡ ತಪ್ಪಾಯಿತು. ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಚೀಲಗಳನ್ನು ನೆಲದ ಮೇಲೆ, ಗೋಡೆಗೆ ತಾಗಿಸಿ ಇಟ್ಟಿದ್ದೆವು. ಬೇವಿನ ಎಲೆ ಹಾಕಿದ್ದೇವಲ್ಲ ಅಂತ ಧೈರ್ಯ. ಬೇವಿನ ಎಲೆ ನುಸಿಯನ್ನು ಸ್ವಲ್ಪ ತಡೆಯಬಹುದು, ತೇವವನ್ನು ತಡೆಯುವುದಿಲ್ಲ. ಜುಲೈನಲ್ಲಿ ಒಂದು ದಿನ ಬಾಗಿಲು ತೆಗೆದರೆ ಮುಗ್ಗಲು ವಾಸನೆ. ಅಡಿಯ ಎರಡು ಚೀಲ, ಅಂದರೆ ನೂರು ಕಿಲೋ, ಬೂಸ್ಟು ಹಿಡಿದಿತ್ತು. ಎಮ್ಮೆಗೆ ಹಾಕೋಣ ಅಂದರು ಒಬ್ಬರು. ದನದ ಡಾಕ್ಟರ್ ಬೇಡ ಅಂದರು, ಬೂಸ್ಟಿನ ವಿಷ ಹಾಲಿಗೂ ಇಳಿಯುತ್ತದಂತೆ. ಹೊತ್ತುಕೊಂಡು ಹೋಗಿ ಗುಂಡಿಯಲ್ಲಿ ಮುಚ್ಚಿ ಬಂದೆವು. ಅವತ್ತು ಯಾರ ಮನೆಯಲ್ಲೂ ಊಟ ಸೇರಲಿಲ್ಲ. ವರ್ಷದ ಕೊನೆಗೆ ಲೆಕ್ಕದಲ್ಲಿ 700 ರೂಪಾಯಿ ಕಡಿಮೆ ಬಿತ್ತು. ಮನೆಗೆ ಐವತ್ತರಂತೆ ಹಾಕಿ ತುಂಬಿದೆವು. ನನ್ನ ಮನೆಯಲ್ಲಿ ಕೆಟ್ಟದ್ದು, ನಾನೇ ತುಂಬುತ್ತೇನೆ ಅಂದೆ. ಯಾರೂ ಒಪ್ಪಲಿಲ್ಲ.

ಈಗ ಹೀಗೆ ಮಾಡುತ್ತೇವೆ. ಜೋಳ ಬಂದ ತಕ್ಷಣ ಮಾಳಿಗೆ ಮೇಲೆ ತೆಳ್ಳಗೆ ಹರಡಿ ಎರಡು ಬಿಸಿಲು ಕಾಯಿಸುತ್ತೇವೆ. ಕಾಳು ಹಲ್ಲಿಗೆ ಹಾಕಿದರೆ ಕಟ್ ಅಂತ ಒಡೆಯಬೇಕು, ಮೆತ್ತಗೆ ಚಪ್ಪಟೆಯಾದರೆ ಇನ್ನೊಂದು ಬಿಸಿಲು. ಬಿಸಿ ಆರಿದ ಮೇಲೇ ತುಂಬುವುದು. ಬಿಸಿ ಇದ್ದಾಗ ಕಟ್ಟಿದರೆ ಒಳಗೆ ಬೆವರುತ್ತದೆ. ಗೋಣಿಚೀಲದ ಒಳಗೆ ಗಾಳಿಯಾಡದ ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ, ಗಾಳಿ ಒತ್ತಿ ತೆಗೆದು, ಬಾಯಿ ತಿರುವಿ ಬಿಗಿಯಾಗಿ ಕಟ್ಟುತ್ತೇವೆ. ಉಸಿರಿಲ್ಲದೆ ನುಸಿ ತಾನೇ ಸಾಯುತ್ತದೆ, ಪುಡಿ, ಗುಳಿಗೆ ಏನೂ ಬೇಡ. ಚೀಲ ಹಲಗೆ ಮೇಲೆ, ಗೋಡೆಯಿಂದ ಒಂದು ಮೊಳ ದೂರ. ಹಿಟ್ಟು ಮಾಡಿಸಿ ಮಾತ್ರ ಇಡುವುದಿಲ್ಲ, ಜಿಗಿ ಹೋಗುತ್ತದೆ. ವಾರಕ್ಕೆ ಬೇಕಾದಷ್ಟೇ ಗಿರಣಿಗೆ ಹಾಕಿಸಬೇಕು.

ಜೋಳ ಇಡುವುದನ್ನು ಒಂದು ವರ್ಷದಲ್ಲಿ ಕಲಿತೆವು. ದರದ ಮಾತು ಕಲಿಯಲು ಇನ್ನೂ ಎರಡು ವರ್ಷ ಬೇಕಾಯಿತು.

ಸೀಗಿ ಹುಣ್ಣಿಮೆಗೆ ಚರಗ ಚೆಲ್ಲಲು, ಅಂದರೆ ಹೊಲಕ್ಕೆ ಎಡೆ ಹಾಕಲು, ನಾವು ಕಾಕಾ ಅವರ ಹೊಲಕ್ಕೆ ಹೋಗುತ್ತೇವೆ. ಊಟ ಆದ ಮೇಲೆ ಅಲ್ಲೇ ಕೂತು ಮುಂದಿನ ಸುಗ್ಗಿಯ ದರ ಮಾತಾಡುತ್ತೇವೆ. ಬೀಜ, ಗಳೆ, ಕಳೆ, ಕೊಯ್ಲಿನ ಆಳು, ರಾಶಿ ಮಷಿನ್, ಎಲ್ಲದರ ಖರ್ಚು ಕಾಕಾ ಒಂದೊಂದಾಗಿ ಹೇಳುತ್ತಾರೆ, ನಾವು ಬರೆದುಕೊಳ್ಳುತ್ತೇವೆ. ರೈತರ ಖರ್ಚನ್ನು ಕೂತು ಕೇಳಿದ್ದು ನಮ್ಮಲ್ಲಿ ಎಷ್ಟೋ ಜನರಿಗೆ ಅದೇ ಮೊದಲು. 2023ರಲ್ಲಿ 3,600 ಅಂತ ಮಾತಾಯಿತು. ಅದು ಬರಗಾಲದ ವರ್ಷ. ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಸಾರಿತ್ತು. ಎಕರೆಗೆ ಐದು ಕ್ವಿಂಟಲ್ ಬರುವ ಹೊಲದಲ್ಲಿ ಎರಡೂವರೆ ಬಂತು. ಸುಗ್ಗಿಯಲ್ಲಿ ಹೊರಗಿನ ದರ 5,000 ಆಗಿತ್ತು. ಕಾಕಾ ಒಂದು ಮಾತೂ ಆಡದೆ 3,600ಕ್ಕೇ ಚೀಲ ತೂಗಿಸಲು ಹೊರಟರು.

ನನಗೆ ಕಾಟಾದ ಮುಂದೆ ನಿಲ್ಲಲು ಆಗಲಿಲ್ಲ. ಅವತ್ತು ತೂಗಿಸಲಿಲ್ಲ, ಹುಬ್ಬಳ್ಳಿಗೆ ವಾಪಸ್ ಬಂದು ಎಲ್ಲರನ್ನೂ ಕೂಡಿಸಿದೆ. ಜೋರು ಜಗಳವೇ ಆಯಿತು. “ಮಾತು ಅಂದ್ರ ಮಾತು, ನಾವೇನ್ ಸಾಹುಕಾರ್ರೇನ?” ಅಂದರು ಒಬ್ಬರು. ಅವರ ಮಾತಿನಲ್ಲೂ ನಿಜ ಇತ್ತು. ಅವರ ಗಂಡನಿಗೆ ಆಗ ಮೂರು ತಿಂಗಳಿಂದ ಕೆಲಸ ಇರಲಿಲ್ಲ. ಕೊನೆಗೆ ಹೆಚ್ಚಾದ 1,400ರಲ್ಲಿ ಅರ್ಧ ನಮ್ಮದು, ಅರ್ಧ ಕಾಕಾ ಅವರದು ಅಂತ ಆಗಿ 4,300 ಕೊಟ್ಟೆವು. ನಮ್ಮ ದರ 48ಕ್ಕೆ ಏರಿತು. ಅಂಗಡಿಗಿಂತ ಕಡಿಮೆಯೇ, ಆದರೂ ಭಾರ. ಮೂರು ಮನೆಯವರು ಆ ವರ್ಷ ಬಿಟ್ಟರು.

ಆ ಸಭೆಯಲ್ಲೇ ಪುಸ್ತಕದಲ್ಲಿ ಬರೆದೆವು: ಹೊರಗಿನ ದರ ಏರಿದರೆ ಏರಿದ್ದರಲ್ಲಿ ಅರ್ಧ ರೈತರಿಗೆ, ಇಳಿದರೆ ಸೀಗಿ ಹುಣ್ಣಿಮೆಯ ದರವೇ ಖಾಯಂ. 2025ರ ಸುಗ್ಗಿಯಲ್ಲಿ ವ್ಯಾಪಾರಿಗಳು 3,200 ಕೇಳುತ್ತಿದ್ದರು. ನಾವು ಬರೆದುಕೊಟ್ಟಂತೆ 3,800 ಕೊಟ್ಟೆವು. ಓಣಿಯಲ್ಲಿ ಗೊಣಗಾಟ ಇತ್ತು, ಇಲ್ಲ ಅಂತ ಹೇಳಲಾರೆ. ಆದರೆ ಕಾಕಾ ಆ ವರ್ಷ ಗೊಬ್ಬರದ ಅಂಗಡಿಯ ಉದ್ರಿ ಪೂರ್ತಿ ತೀರಿಸಿದರು.

ಈಗ 26 ಮನೆ, ಮೂವರು ರೈತರು. ಕನಿಷ್ಠ ಇಷ್ಟು ಒಯ್ಯಬೇಕು ಅನ್ನುವ ನಿಯಮ ಇಲ್ಲ. ಒಂಟಿ ಅಜ್ಜಿಯೊಬ್ಬರು ಒಂದೊಂದು ಕಿಲೋ ಒಯ್ಯುತ್ತಾರೆ. ನಾನು ಚೀಲಗಟ್ಟಲೆ ಒಯ್ಯುತ್ತೇನೆ. ಇಬ್ಬರಿಗೂ ಒಂದೇ ದರ. ಇದೊಂದನ್ನು ಯಾರು ಎಷ್ಟೇ ಹೇಳಿದರೂ ನಾವು ಬದಲಿಸುವುದಿಲ್ಲ.

ಸಾವಿ (ಸಾಮೆ) ಅಕ್ಕಿ ಯಾಕೆ ತರುವುದಿಲ್ಲ ಅಂತ ಕೇಳುತ್ತಾರೆ. ಆಸೆ ಇದೆ. ಆದರೆ ಸಾವಿಯ ಸಿಪ್ಪೆ ತೆಗೆಯಲು ಬೇರೆ ಮಷಿನ್ ಬೇಕು, ಜೋಳಕ್ಕೆ ಓಣಿಯ ಗಿರಣಿ ಸಾಕು. ನಮ್ಮ ಕುಂದಗೋಳ ತಾಲೂಕಿನದೇ ತೀರ್ಥ ಗ್ರಾಮದ ಬೀಬಿ ಫಾತಿಮಾ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಸಿರಿಧಾನ್ಯದ ಕೆಲಸಕ್ಕಾಗಿ 2025ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಪಡೆದರು. ಆ ಸುದ್ದಿ ಓದಿದ ದಿನ ಓಣಿಯಲ್ಲಿ ಎಲ್ಲರಿಗೂ ಓದಿ ಹೇಳಿದೆ.

ನಮ್ಮ ಮುಂದಿನ ಮಾತು ತೊಗರಿಯದು. ಒಂದು ಕ್ವಿಂಟಲ್ ತೊಗರಿ ಒಡೆಸಿದರೆ ಸುಮಾರು 70 ಕಿಲೋ ಬೇಳೆ ಸಿಗುತ್ತದೆ, ಹೊಟ್ಟು, ನುಚ್ಚು ದನಕ್ಕೆ ಹೋಗುತ್ತದೆ. ಒಡೆಸುವ ಖರ್ಚು ಯಾರ ಲೆಕ್ಕಕ್ಕೆ ಅನ್ನುವುದು ಇನ್ನೂ ಬಗೆಹರಿದಿಲ್ಲ. ಎದುರು ಮನೆಯ ಅಕ್ಕ ಈಗ ನಮ್ಮ ಲೆಕ್ಕದ ಪುಸ್ತಕ ಬರೆಯುತ್ತಾರೆ. ತೊಗರಿಗೆ ಅಂತ ಒಂದು ಪುಟ ಬಿಟ್ಟಿದ್ದಾರೆ. ಬರುವ ಸೀಗಿ ಹುಣ್ಣಿಮೆಗೆ ಆ ಪುಸ್ತಕವನ್ನೂ ಬುತ್ತಿಯ ಜೊತೆ ಹೊಲಕ್ಕೆ ಒಯ್ಯುತ್ತೇವೆ.