ಗೂಬೆಯ ಬೆನ್ನು ಯಾಕೆ ಉದುರಿತು?

ಕಲಬುರಗಿಯ ನಮ್ಮ ಓಣಿಯಲ್ಲಿ ಯಾರೋ ಮನೆ ಕಟ್ಟಿ ಉಳಿದ ಶಹಾಬಾದ್ ಕಲ್ಲಿನ ಚೂರು ರಾಶಿ ಬಿದ್ದಿತ್ತು. ಸುಮ್ನೆ ಹಾಳಾಗ್ತದಲ್ಲ ಅಂತ ಕುಟ್ಟಿ, ಜೇಡಿಮಣ್ಣಿಗೆ ಬೆರೆಸಿ ಒಂದು ಗೂಬೆ ಮಾಡಿದೆ. ಕುಂಬಾರರ ಆವಿಗೆಯಿಂದ ಚೆನ್ನಾಗೇ ಹೊರಬಂತು. ನಾಲ್ಕನೇ ದಿನ ಬೆನ್ನ ಮೇಲೆ ಚಕ್ಕೆ ಏಳತೊಡಗಿತು. ಪ್ರತಿ ಗುಳಿಯ ತಳದಲ್ಲೂ ಸಾಸಿವೆಯಷ್ಟು ಬಿಳಿ ಚುಕ್ಕೆ.

ಬೆಂಕಿ ಸಾಲಲಿಲ್ಲ ಅಂದುಕೊಂಡು ಇನ್ನೊಂದು ಸುಟ್ಟೆ. ಅದೂ ಹಾಗೇ. ಚುಕ್ಕೆಯನ್ನು ಉಗುರಿನಿಂದ ಕೆರೆದಾಗ ನನಗೆ ಹೊಳೆಯಿತು, ಇದು ಸುಣ್ಣ! ಶಹಾಬಾದ್ ಕಲ್ಲು ಸುಣ್ಣದಕಲ್ಲೇ ಅಲ್ವಾ? 850–900 ಡಿಗ್ರಿ ಶಾಖಕ್ಕೆ ಅದು ಸುಟ್ಟ ಸುಣ್ಣವಾಗುತ್ತದೆ. ಆಮೇಲೆ ಗಾಳಿಯ ತೇವ ಹೀರಿ ಅರಳುತ್ತದೆ, ಮಣ್ಣನ್ನು ಒಳಗಿಂದ ಒದೆಯುತ್ತದೆ.

ಈಗ ಒಡೆದ ಮಡಕೆ, ಹಂಚಿನ ಚೂರು ಕುಟ್ಟಿ ಜರಡಿ ಹಿಡಿಯುತ್ತೇನೆ. ನಾಲ್ಕು ಬೊಗಸೆ ಮಣ್ಣಿಗೆ ಒಂದು ಬೊಗಸೆ ಪುಡಿ. ಒಮ್ಮೆ ಸುಟ್ಟದ್ದು ಒಣಗುವಾಗ ಕುಗ್ಗುವುದಿಲ್ಲ, ಹಾಗಾಗಿ ಬಿರುಕೂ ಕಡಿಮೆ. ಹಂಚಿಗೆ ಗಾರೆ ಅಂಟಿದ್ದರೆ ಮಾತ್ರ ಕೆರೆದು ತೆಗೆಯಿರಿ, ಅದರಲ್ಲೂ ಸುಣ್ಣ ಇರಬಹುದು.

ಈ ಮಣ್ಣಿನ ಹೊಸ ಗೂಬೆಯನ್ನು ಸುಟ್ಟ ಮೇಲೆ, ಕಲ್ಲಿನ ಚೂರನ್ನು ಅದಕ್ಕೆ ಪೀಠವಾಗಿ ಅಂಟಿಸಿದೆ. ಗೂಬೆ ಅಂತ ಅವ್ವ ಒಳಗೆ ಬಿಡಲಿಲ್ಲ. ಮಳೆಗಾಲವೆಲ್ಲ ಅಂಗಳದಲ್ಲೇ ಕೂತಿತ್ತು, ಒಂದು ಚಕ್ಕೆಯೂ ಎದ್ದಿಲ್ಲ.